ತಿಳಿದುದನ್ನು ಹೇಳದಿರುವುದು ಅಸತ್ಯವೇ?

ಸತ್ಯಾಣುವ್ರತವನ್ನು ಕೈಕೊಂಡ ಗೃಹಸ್ಥನು ಸ್ಥೂಲವಾದ ಸುಳ್ಳನ್ನು ತಾನು ನುಡಿಯುವುದಿಲ್ಲ, ಪರರಿಂದ ನುಡಿಸುವುದೂ ಇಲ್ಲ. ಇಷ್ಟರಮಟ್ಟಿಗೆ ಈ ವ್ರತದ ಸ್ವರೂಪವು ಶ್ರಾವಕರೆಲ್ಲರಿಗೂ ತಿಳಿದುದೇ ಆಗಿದೆ. ಆದರೆ ಬಾಯಿಯನ್ನೇ ತೆರೆಯದವನ ವಿಷಯವೇನು? ಒಬ್ಬನಿಗೆ ಒಂದು ಅಪಾಯವು ನಿಶ್ಚಯವಾಗಿ ತಿಳಿದಿದೆ, ಆ ಅಪಾಯಕ್ಕೆ ಒಳಗಾಗುವವರಿಗೆ ಅದು ತಿಳಿದಿಲ್ಲ, ತಿಳಿದವನು ಸುಮ್ಮನಿರುತ್ತಾನೆ. ಅವನ ನಾಲಗೆಯಿಂದ ಅಸತ್ಯವಾದ ಒಂದು ಮಾತೂ ಹೊರಟಿಲ್ಲ. ಹಾಗಾದರೆ ಅವನ ವ್ರತವು ಉಳಿಯಿತೇ, ಮುರಿಯಿತೇ?

ಸತ್ಯವ್ರತದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೆಂಬುದೊಂದುಂಟು. ಒಬ್ಬನು ನಂಬಿಕೆಯಿಂದ ಹತ್ತು ಹೊನ್ನನ್ನು ಮತ್ತೊಬ್ಬನಲ್ಲಿ ಇಟ್ಟು ಹೋಗುತ್ತಾನೆ. ಬಹುಕಾಲದ ಮೇಲೆ ಬಂದು, ಇಟ್ಟ ಲೆಕ್ಕವನ್ನು ಮರೆತು, ಎಂಟೇ ಹೊನ್ನನ್ನು ಕೇಳುತ್ತಾನೆ. 'ಆಗಲಿ' ಎಂದು ಎಂಟನ್ನು ಎಣಿಸಿಕೊಟ್ಟು ಎರಡನ್ನು ಉಳಿಸಿಕೊಂಡವನು ಆಡಿದ ಸುಳ್ಳಾದರೂ ಯಾವುದು? 'ಆಗಲಿ' ಎಂಬ ಮಾತು ಸುಳ್ಳಲ್ಲ. ಕೊಟ್ಟ ಎಂಟೂ ಖೋಟಾ ನಾಣ್ಯಗಳಲ್ಲ. ಆದರೂ ಆಚಾರ್ಯರು ಈ ದೋಷವನ್ನು ಅಚೌರ್ಯದ ಪ್ರಕರಣದಲ್ಲಿ ಎಣಿಸದೆ ಸತ್ಯದ ಪ್ರಕರಣದಲ್ಲಿಯೇ ಎಣಿಸಿದರು. ಎದುರಿನವನ ಅಜ್ಞಾನವನ್ನು ಕಂಡೂ ತಿದ್ದದೆ ಅದರಿಂದ ಲಾಭ ಪಡೆಯುವುದು ಅಸತ್ಯದ ಒಂದು ರೂಪವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಈ ಸೂಕ್ಷ್ಮವನ್ನು ತೂಗಿನೋಡಲು ಸಿಗರೇಟು ಕಂಪನಿಗಳ ಚರಿತ್ರೆಗಿಂತ ತಕ್ಕ ಉದಾಹರಣೆ ಈ ಕಾಲದಲ್ಲಿ ದೊರೆಯಲಾರದು.

ಉರಿಯುವ ಸಿಗರೇಟಿನಿಂದ ಎರಡು ಬಗೆಯ ಹೊಗೆ ಹೊರಡುತ್ತದೆ. ಸೇದುವವನು ಬಾಯಿಯಿಂದ ಒಳಗೆಳೆಯುವುದು ಮುಖ್ಯಧಾರೆ. ಸೇದದೆ ಬೆರಳುಗಳ ನಡುವೆ ಹಿಡಿದಿರುವಾಗ ಉರಿವ ತುದಿಯಿಂದ ತಾನಾಗಿ ಏಳುವುದು ಪಾರ್ಶ್ವಧಾರೆ. ಕೋಣೆಯಲ್ಲಿರುವ ಇತರರ ಪಾಲಿಗೆ ಬರುವ ಹೊಗೆಯಲ್ಲಿ ನೂರಕ್ಕೆ ಸುಮಾರು ೮೫ ಪಾಲು ಈ ಎರಡನೆಯದೇ. ಎಳೆಯುವಾಗ ಕೆಂಡದ ಉಷ್ಣತೆ ಸುಮಾರು ೯೦೦ ಡಿಗ್ರಿ ಸೆಲ್ಸಿಯಸ್ಸಿಗೆ ಏರುತ್ತದೆ. ಸುಮ್ಮನೆ ಉರಿಯುವಾಗ ೬೦೦ರ ಆಸುಪಾಸಿಗೆ ಇಳಿಯುತ್ತದೆ. ಶಾಖ ಕಡಿಮೆ, ಗಾಳಿಯ ಸೆಳೆತವೂ ಕಡಿಮೆ. ಆದುದರಿಂದ ಎಲೆ ಪೂರ್ತಿಯಾಗಿ ಸುಡದೆ ಅಮೋನಿಯಾ, ನೈಟ್ರೊಸಮೀನು ಮುಂತಾದ ವಿಷಪದಾರ್ಥಗಳು ಹೆಚ್ಚಾಗಿ ಹೊಮ್ಮುತ್ತವೆ. ಒಲೆಯಲ್ಲಿ ಹಸಿ ಸೌದೆ ಹೊಗೆಯಾಡುವುದನ್ನು ಕಂಡ ಗೃಹಿಣಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಈ ಹೊಗೆಯು ಸಿಗರೇಟಿನ ಶೋಧಕವನ್ನೂ ಹಾದುಬರುವುದಿಲ್ಲ. ಸೇದುವವನಿಗಾದರೂ ಒಂದು ಶೋಧಕವುಂಟು. ಪಕ್ಕದಲ್ಲಿ ಕುಳಿತ ಮಗುವಿಗೆ ಅದೂ ಇಲ್ಲ.

೧೯೮೧ರಲ್ಲಿ ಜಪಾನಿನ ತಾಕೇಶಿ ಹಿರಾಯಾಮಾ ಎಂಬ ವಿಜ್ಞಾನಿಯು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ತನ್ನ ಸಂಶೋಧನೆಯನ್ನು ಪ್ರಕಟಿಸಿದನು. ತಾವು ಎಂದೂ ಸೇದದ ೯೧,೫೪೦ ಗೃಹಿಣಿಯರನ್ನು ೧೪ ವರ್ಷಗಳ ಕಾಲ ಗಮನಿಸಿ ಪಡೆದ ಲೆಕ್ಕವದು. ದಿನಕ್ಕೆ ೨೦ ಅಥವಾ ಅದಕ್ಕಿಂತ ಹೆಚ್ಚು ಸಿಗರೇಟು ಸೇದುವವರ ಪತ್ನಿಯರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದಾದ ಸಾವು, ಸೇದದವರ ಪತ್ನಿಯರಲ್ಲಿ ಇದ್ದುದಕ್ಕಿಂತ ಸುಮಾರು ಇಮ್ಮಡಿಯಾಗಿತ್ತು. ಅಮೆರಿಕದ ತಂಬಾಕು ಉದ್ಯಮದ ಸಂಘವು ಆ ಲೆಕ್ಕದಲ್ಲಿ ಗಣಿತದ ತಪ್ಪಿದೆಯೆಂದು ಜಾಹೀರಾತುಗಳ ಮೂಲಕ ಸಾರಿತು. ಅದೇ ವರ್ಷ ಒಂದು ಕಂಪನಿಯ ವಕೀಲನು ಬರೆದಿಟ್ಟ ಟಿಪ್ಪಣಿಯಿಂದ, ಉದ್ಯಮದೊಡನೆ ಕೆಲಸಮಾಡುತ್ತಿದ್ದ ಜರ್ಮನಿಯ ತಜ್ಞರು ಹಿರಾಯಾಮಾನ ನಿರ್ಣಯವೇ ಸರಿಯೆಂದು ಒಳಗೊಳಗೆ ಒಪ್ಪಿದ್ದರೆಂಬುದು ಮುಂದೆ ಬೆಳಕಿಗೆ ಬಂದಿತು.

ಇಲ್ಲಿಯವರೆಗಿನದು ನೇರವಾದ ಮೃಷಾವಾದ. ಅದರ ವಿಚಾರದಲ್ಲಿ ಚರ್ಚೆಗೆ ಎಡೆಯಿಲ್ಲ. ಕಠಿಣವಾದ ಪ್ರಶ್ನೆಯು ಜರ್ಮನಿಯ ಕೊಲೋನ್ ನಗರದ ಪ್ರಯೋಗಶಾಲೆಯದು. ಇನ್‌ಬಿಫೊ ಎಂಬ ಹೆಸರಿನ ಆ ಸಂಸ್ಥೆಯನ್ನು ೧೯೭೧ರಲ್ಲಿ ಫಿಲಿಪ್ ಮೋರಿಸ್ ಕಂಪನಿಯು ಸ್ವಿಟ್ಜರ್‌ಲೆಂಡಿನ ತನ್ನ ಅಂಗಸಂಸ್ಥೆಯ ಮೂಲಕ ಕೊಂಡಿತು. ೧೯೮೦ರ ದಶಕದಲ್ಲಿ ಅಲ್ಲಿ ಎರಡು ಬಗೆಯ ಹೊಗೆಯನ್ನೂ ಇಲಿಗಳ ಮೇಲೆ ಪ್ರಯೋಗಿಸಿ ಹೋಲಿಸಲಾಯಿತು. ತೂಕಕ್ಕೆ ತೂಕ ನೋಡಿದಾಗ, ಉಸಿರಿನೊಡನೆ ಒಳಸೇರಿದ ತಾಜಾ ಪಾರ್ಶ್ವಧಾರೆಯು ಮುಖ್ಯಧಾರೆಗಿಂತ ಸುಮಾರು ನಾಲ್ಕು ಪಟ್ಟು ವಿಷಕಾರಿಯೆಂದೂ, ಅದರ ಸಾರವನ್ನು ಚರ್ಮಕ್ಕೆ ಲೇಪಿಸಿದಾಗ ಗೆಡ್ಡೆಗಳನ್ನು ಎಬ್ಬಿಸುವ ಶಕ್ತಿಯು ಎರಡರಿಂದ ಆರು ಪಟ್ಟು ಹೆಚ್ಚೆಂದೂ ಕಂಡುಬಂದಿತು. ಈ ಫಲಿತಾಂಶಗಳು ಆಗ ಪ್ರಕಟವಾಗಲಿಲ್ಲ. ನ್ಯಾಯಾಲಯದ ವ್ಯಾಜ್ಯಗಳಿಂದಾಗಿ ಹೊರಬಿದ್ದ ಕಡತಗಳನ್ನು ಶೋಧಿಸಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ೨೦೦೫ರಲ್ಲಿ ಅವನ್ನು ಲೋಕಕ್ಕೆ ತಿಳಿಸಿದರು.

ಅಹಿಂಸೆಯನ್ನು ಮೂಲವ್ರತವೆಂದು ನಂಬಿದವರ ಕಣ್ಣಿಗೆ ಇಲ್ಲಿ ಮತ್ತೊಂದು ಸಂಗತಿ ಬೀಳದೆ ಇರದು. ಆ ಜ್ಞಾನಕ್ಕಾಗಿ ಮೂಕಪ್ರಾಣಿಗಳು ದಿನದಿನವೂ ಹೊಗೆಯಲ್ಲಿ ಬೆಂದು ಸತ್ತವು. ಮನುಷ್ಯರ ರಕ್ಷಣೆಗಾಗಿ ಎಂಬ ಸಮಾಧಾನವನ್ನು ಇತರ ಪ್ರಯೋಗಶಾಲೆಗಳವರು ಹೇಳಿಕೊಳ್ಳುವುದುಂಟು. ಅದು ಒಪ್ಪತಕ್ಕದ್ದೋ ಅಲ್ಲವೋ ಎಂಬುದು ಬೇರೆಯ ಮಾತು. ಕೊಲೋನಿನಲ್ಲಿ ಆ ಸಮಾಧಾನವೂ ಇರಲಿಲ್ಲ. ಪ್ರಾಣಹರಣದಿಂದ ಪಡೆದ ತಿಳಿವಳಿಕೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಲಾಯಿತು.

ಕಂಪನಿಯ ಹಣ, ಕಂಪನಿಯ ಪ್ರಯೋಗಶಾಲೆ, ಆದುದರಿಂದ ಫಲಿತಾಂಶವೂ ಕಂಪನಿಯ ಸ್ವತ್ತು. ಅದು ಪರರ ನ್ಯಾಸವಾಗುವುದೆಂತು ಎಂದು ಯಾರಾದರೂ ಕೇಳಬಹುದು. ಈ ಆಕ್ಷೇಪಕ್ಕೆ ಕಂಪನಿಗಳೇ ಉತ್ತರವನ್ನು ಬರೆದಿಟ್ಟಿವೆ. ೧೯೫೪ರ ಜನವರಿ ೪ರಂದು ಅಮೆರಿಕದ ೪೦೦ಕ್ಕೂ ಮಿಕ್ಕ ಪತ್ರಿಕೆಗಳಲ್ಲಿ ಅವು ಒಂದು ಬಹಿರಂಗ ಪ್ರಕಟಣೆಯನ್ನು ಹಾಕಿಸಿದವು. ಜನರ ಆರೋಗ್ಯವು ತಮ್ಮ ವ್ಯಾಪಾರದ ಇತರ ಎಲ್ಲ ಹಿತಗಳಿಗಿಂತ ಮೇಲಾದ ಹೊಣೆಯೆಂದೂ, ಸಂಶೋಧನೆಗೆ ನೆರವು ನೀಡಿ ಆರೋಗ್ಯಾಧಿಕಾರಿಗಳೊಡನೆ ಸಹಕರಿಸುವೆವೆಂದೂ ಅದರಲ್ಲಿ ವಚನವಿತ್ತಿದ್ದವು. ನಂಬಿಕೆಯನ್ನು ಕೇಳಿ ಪಡೆದವನ ಕೈಯಲ್ಲಿರುವುದು ನ್ಯಾಸವಲ್ಲದೆ ಮತ್ತೇನು? ಕೇಳಲು ಬಂದವನಿಗೆ ತಾನಿಟ್ಟದ್ದೆಷ್ಟೆಂಬುದೇ ತಿಳಿಯದಿದ್ದುದು ಕಂಪನಿಗೆ ಅನುಕೂಲವಾಯಿತು, ಅಷ್ಟೇ.

ಮಾತಿನಲ್ಲಿ ಅಡಗಿದ ಅಸತ್ಯವು ವಸ್ತುವಿನಲ್ಲಿಯೂ ಸೇರಿಕೊಳ್ಳಬಲ್ಲುದೆಂಬುದಕ್ಕೆ ಸಿಗರೇಟಿನ ರಚನೆಯೇ ನಿದರ್ಶನ. ೧೯೫೨ರಿಂದ ೧೯೫೬ರವರೆಗೆ ಲಾರಿಲಾರ್ಡ್ ಕಂಪನಿಯು ಕೆಂಟ್ ಎಂಬ ಸಿಗರೇಟನ್ನು ಆರೋಗ್ಯರಕ್ಷಕವಾದ ವಿಶೇಷ ಶೋಧಕವುಳ್ಳದ್ದೆಂದು ಮಾರಿತು. ಆ ಶೋಧಕದೊಳಗೆ ಇದ್ದುದು ಕಲ್ನಾರು, ಅದರಲ್ಲಿಯೂ ಅತಿ ಘಾತುಕವಾದ ನೀಲಿ ಕಲ್ನಾರು. ಮುಂದೆ ಶೋಧಕದ ಸುತ್ತ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳನ್ನು ಕೊರೆಯುವ ಪದ್ಧತಿ ಬಂದಿತು. ಅಮೆರಿಕ ಸರ್ಕಾರವು ೧೯೬೭ರಿಂದ ಬಳಸಿದ ಅಳತೆಯ ಯಂತ್ರವು ನಿಮಿಷಕ್ಕೊಮ್ಮೆ, ಎರಡು ಸೆಕೆಂಡುಗಳ ಕಾಲ, ೩೫ ಮಿಲಿಲೀಟರು ಹೊಗೆಯನ್ನು ಎಳೆಯುತ್ತಿತ್ತು. ರಂಧ್ರಗಳ ಮೂಲಕ ಗಾಳಿ ಬೆರೆತು ಹೊಗೆ ತೆಳುವಾಗುತ್ತಲೇ ಯಂತ್ರದ ಲೆಕ್ಕದಲ್ಲಿ ಟಾರು ಕಡಿಮೆಯಾಯಿತು. ಪೊಟ್ಟಣದ ಮೇಲೆ 'ಲೈಟ್' ಎಂಬ ಹೆಸರು ಬಿದ್ದಿತು. ಮನುಷ್ಯನು ಯಂತ್ರವಲ್ಲ. ಅವನ ತುಟಿ, ಬೆರಳುಗಳು ಆ ರಂಧ್ರಗಳನ್ನು ಮುಚ್ಚುತ್ತವೆ. ನಿಕೋಟಿನು ಸಾಲದೆ ಬಂದರೆ ಅವನು ಹೆಚ್ಚು ಆಳವಾಗಿ, ಹೆಚ್ಚು ಸಲ ಎಳೆಯುತ್ತಾನೆ. ಹೀಗೆಂದು ಕಂಪನಿಗಳಿಗೆ ತಿಳಿದಿತ್ತು. ಹೀನಾಧಿಕ ಮಾನೋನ್ಮಾನವೆಂಬ ಅತಿಚಾರವನ್ನು ಅಂಗಡಿಯ ತಕ್ಕಡಿಯಲ್ಲಿ ಮಾತ್ರ ಹುಡುಕುವವರು ಈ ಅಳತೆಯನ್ನೂ ಒಮ್ಮೆ ನೋಡಬೇಕು: ಯಂತ್ರದಲ್ಲಿ ನಿಜ, ಬಾಯಿಯಲ್ಲಿ ಸುಳ್ಳು.

ಪಾರ್ಶ್ವಧಾರೆಯ ವಿಷಯದಲ್ಲಿ ನಡೆದುದು ಇನ್ನೂ ವಿಚಿತ್ರ. ಪಕ್ಕದಲ್ಲಿದ್ದವರು ಹೊಗೆಯನ್ನು ಕಂಡು, ವಾಸನೆಯನ್ನು ಮೂಸಿ ಆಕ್ಷೇಪಿಸುತ್ತಾರೆಂದು ಅರಿತ ಕಂಪನಿಗಳು, ಸುತ್ತುವ ಕಾಗದಕ್ಕೆ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಮುಂತಾದ ಖನಿಜಪದಾರ್ಥಗಳನ್ನು ಸೇರಿಸಿ ಹೊಗೆ ಕಣ್ಣಿಗೆ ಕಾಣದಂತೆಯೂ, ಸುಗಂಧದ್ರವ್ಯಗಳನ್ನು ಬೆರೆಸಿ ವಾಸನೆ ಮರೆಯಾಗುವಂತೆಯೂ ಮಾಡುವ ಉಪಾಯಗಳನ್ನು ಹುಡುಕಿದವು. ಕಾಣುವ ಹೊಗೆ ಕಡಿಮೆಯಾದರೆ ವಿಷವೂ ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾಗಬೇಕೆಂಬ ನಿಯಮವಿಲ್ಲ. ಕಣ್ಣುರಿ, ಕೆಮ್ಮು, ಮೂಗಿಗೆ ಬಡಿವ ನಾತ ಇವು ದೇಹಕ್ಕೆ ಪ್ರಕೃತಿಯು ಕೊಟ್ಟ ಎಚ್ಚರಿಕೆಗಳು. ಎಚ್ಚರಿಕೆಯನ್ನು ಮಾತ್ರ ಅಳಿಸುವುದು, ಹಾವಿನ ವಿಷದ ಹಲ್ಲನ್ನು ಕೀಳದೆ ಅದರ ಬುಸುಗುಟ್ಟುವಿಕೆಯನ್ನು ನಿಲ್ಲಿಸಿದಂತೆ.

ಕಂಪನಿಗಳ ಪರವಾಗಿ ಒಂದು ವಾದವುಂಟು: ವಿಜ್ಞಾನದಲ್ಲಿ ಸಂದೇಹವು ಗುಣವೇ ಹೊರತು ದೋಷವಲ್ಲ, ನಿಶ್ಚಯವಾಗುವವರೆಗೆ ಸುಮ್ಮನಿರುವುದು ವಿವೇಕವಲ್ಲವೇ? ವಸ್ತುವು ಅನೇಕಾಂತಾತ್ಮಕವೆಂದು ನಂಬಿದ ಜೈನರು ಇದಕ್ಕೆ ತಲೆದೂಗಬೇಕಲ್ಲವೇ ಎಂದು ಕೆಲವರು ಹೇಳಿಯಾರು. ಆದರೆ ಸ್ಯಾತ್ ಎಂಬುದು ಸಂದೇಹವಾಚಕವಲ್ಲ. ಯಾವ ಅಪೇಕ್ಷೆಯಿಂದ ಮಾತು ನಿಜವೆಂಬುದನ್ನು ತೋರುವ ನಿಪಾತವದು. ಸ್ಯಾದ್ವಾದಿಯು ತನಗೆ ಕಂಡ ಎಲ್ಲ ನಯಗಳನ್ನೂ ಮುಂದಿಡುತ್ತಾನೆ. ಇವರು ತಮಗೆ ಪ್ರತಿಕೂಲವಾದ ನಯವನ್ನು ಬಚ್ಚಿಟ್ಟು, ಉಳಿದುದನ್ನು ತೋರಿಸಿ, ಇನ್ನೂ ಸಂಶಯವಿದೆ ಎಂದರು. ೧೯೬೯ರಲ್ಲಿ ಒಂದು ಸಿಗರೇಟು ಕಂಪನಿಯ ಒಳಪತ್ರದಲ್ಲಿ, ಸಂದೇಹವೇ ತಾವು ತಯಾರಿಸುವ ಸರಕು ಎಂಬರ್ಥದ ಮಾತೇ ಇದೆ.

ಎರಡನೆಯ ಆಕ್ಷೇಪವು ಇಷ್ಟು ಸುಲಭವಾಗಿ ಪರಿಹಾರವಾಗುವಂಥದಲ್ಲ. ಕಂಪನಿಯ ಯಜಮಾನರ ಮಾತಿರಲಿ, ಸಂಬಳಕ್ಕೆ ದುಡಿಯುವ ವಿಜ್ಞಾನಿಯ ಗತಿಯೇನು? ಪರರ ಗುಟ್ಟನ್ನು ಹೊರಗೆಡಹುವುದೂ ಸತ್ಯವ್ರತದ ಅತಿಚಾರವೇ; ನ್ಯಾಸಾಪಹಾರದ ಪಕ್ಕದಲ್ಲಿಯೇ ರಹೋಭ್ಯಾಖ್ಯಾನವೂ ಸಾಕಾರಮಂತ್ರಭೇದವೂ ನಿಂತಿವೆ. ಹೇಳಿದರೆ ಒಂದು ದೋಷ, ಹೇಳದಿದ್ದರೆ ಇನ್ನೊಂದು. ಫಿಲಿಪ್ ಮೋರಿಸ್ ಕಂಪನಿಯಲ್ಲಿದ್ದ ವಿಕ್ಟರ್ ಡಿನೋಬಲ್ ಮತ್ತು ಪಾಲ್ ಮೀಲಿ ಎಂಬ ವಿಜ್ಞಾನಿಗಳು, ನಿಕೋಟಿನಿಗಾಗಿ ಇಲಿಗಳು ತಾವಾಗಿಯೇ ಸನ್ನೆಯನ್ನು ಒತ್ತುತ್ತವೆಂದು ಕಂಡುಕೊಂಡರು. ಅವರ ಲೇಖನವನ್ನು ಕಂಪನಿಯು ೧೯೮೩ರಲ್ಲಿ ಹಿಂದಕ್ಕೆ ತರಿಸಿತು. ೧೯೮೪ರಲ್ಲಿ ಪ್ರಯೋಗಶಾಲೆಯನ್ನೇ ಮುಚ್ಚಿಸಿತು. ಗುಟ್ಟು ಕಾಯುವ ಕರಾರಿಗೆ ಕಟ್ಟುಬಿದ್ದ ಅವರು ಹತ್ತು ವರ್ಷಗಳು ಕಳೆದು, ಕಂಪನಿಯು ಕರಾರನ್ನು ಸಡಿಲಿಸಿದ ಬಳಿಕ, ೧೯೯೪ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಆ ಹತ್ತು ವರ್ಷಗಳ ಮೌನವನ್ನು ಏನೆಂದು ಕರೆಯಬೇಕು? ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಗೃಹಸ್ಥನು ನುಡಿಯಬಾರದೆಂದು ಸಮಂತಭದ್ರಾಚಾರ್ಯರು ವಿಧಿಸಿದ್ದಾರೆ. ಅಂದಮೇಲೆ ಗುಟ್ಟಿನ ರಕ್ಷಣೆಗೆ ಆಧಾರವಾದುದು ಪರಪೀಡಾಪರಿಹಾರವೇ. ಯಾವ ಗುಟ್ಟನ್ನು ಕಾಯುವುದರಿಂದಲೇ ಪೀಡೆಯುಂಟಾಗುತ್ತದೆಯೋ ಅದಕ್ಕೆ ಈ ಆಧಾರವು ದೊರೆಯದು. ಈ ನ್ಯಾಯವು ನಿರ್ದುಷ್ಟವಾದುದೇ. ಕೆಲಸ ಕಳೆದುಕೊಳ್ಳುವ ಭಯದಲ್ಲಿದ್ದ ಸಂಸಾರವಂತನಿಗೆ ಇದನ್ನು ಪಾಲಿಸುವುದು ಎಷ್ಟು ಭಾರವೆಂಬುದು ದೂರದಲ್ಲಿ ಕುಳಿತು ಹೇಳುವವರಿಗೆ ತಿಳಿಯದು. ಯಜಮಾನನ ಕೃತ, ಕಾರಿತಗಳ ಸಾಲಿನಲ್ಲಿ ಅವನ ಅನುಮೋದನೆಯನ್ನು ಸಮಸಮವಾಗಿ ನಿಲ್ಲಿಸುವುದು ನ್ಯಾಯವಾಗಲಾರದು.

ಈ ಚರ್ಚೆಯು ಸಮುದ್ರದಾಚೆಯದೆಂದು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಹುಣಸೂರು, ಪಿರಿಯಾಪಟ್ಟಣಗಳ ಹೊಲಗಳಲ್ಲಿ ಸಿಗರೇಟಿನ ಎಲೆ ಬೆಳೆಯುತ್ತದೆ. ನಿಪ್ಪಾಣಿಯ ಪೇಟೆ ಬೀಡಿಯ ತಂಬಾಕಿಗೆ ಹೆಸರಾದುದು. ಆ ಸೀಮೆಯಲ್ಲಿ ಒಕ್ಕಲುತನ ಮಾಡುವ ಜೈನ ಮನೆತನಗಳೂ ಇವೆ. ಬೆಳೆಗಾರನು ಹಿರಾಯಾಮಾನ ಲೆಕ್ಕವನ್ನು ಬಚ್ಚಿಟ್ಟವನಲ್ಲ. ಆದರೂ ಇಂದು ತಿಳಿದಿರುವುದು ಅವನಿಗೂ ತಿಳಿದಿದೆ, ಮತ್ತು ಅವನ ಜೀವನೋಪಾಯಕ್ಕೆ ಬದಲು ದಾರಿಯನ್ನು ತೋರಿಸದೆ ಅವನನ್ನು ಮಾತ್ರ ನಿಂದಿಸುವುದು ಪರಿವಾದವೇ ಆದೀತು. ಮನೆಯೊಳಗಿನ ಮಾತು ಬೇರೆ. ೨೦೦೮ರ ಅಕ್ಟೋಬರ್ ೨ರಿಂದ ಜಾರಿಗೆ ಬಂದ ನಿಯಮಗಳು ಭಾರತದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ತಡೆಯುತ್ತವೆ. ಮನೆಯ ಪಡಸಾಲೆಗೆ ಅವು ಕಾಲಿಡುವುದಿಲ್ಲ. ಅಲ್ಲಿ ಹೊಗೆಯನ್ನು ಸಹಿಸುವ ಪತ್ನಿ, ಸೊಸೆ, ಮಕ್ಕಳು ಹಿರಿಯರೆಂಬ ಗೌರವದಿಂದ ಬಾಯಿಬಿಡುವುದಿಲ್ಲ. ಆ ಮೌನವು ಕಂಪನಿಯ ಮೌನದಂಥದಲ್ಲ. ಅದನ್ನು ಸಮ್ಮತಿಯೆಂದು ತಿಳಿಯುವ ಹಿರಿಯನು ಮಾತ್ರ, ಲೆಕ್ಕ ಮರೆತವನಿಗೆ 'ಆಗಲಿ' ಎಂದವನ ಸಮೀಪಕ್ಕೆ ಬರುತ್ತಾನೆ.

೨೦೦೬ರ ಆಗಸ್ಟ್ ೧೭ರಂದು ವಾಷಿಂಗ್ಟನ್ನಿನ ನ್ಯಾಯಾಧೀಶೆ ಗ್ಲಾಡಿಸ್ ಕೆಸ್ಲರ್ ಅವರು ೧,೬೦೦ಕ್ಕೂ ಮಿಕ್ಕ ಪುಟಗಳ ತೀರ್ಪಿನಲ್ಲಿ, ಈ ಕಂಪನಿಗಳು ಪರೋಕ್ಷ ಧೂಮಪಾನದ ವಿಷಯದಲ್ಲಿಯೂ 'ಲೈಟ್' ಸಿಗರೇಟುಗಳ ವಿಷಯದಲ್ಲಿಯೂ ದಶಕಗಳ ಕಾಲ ಜನರನ್ನು ವಂಚಿಸಿದವೆಂದು ನಿರ್ಣಯಿಸಿ, ನಿಜವನ್ನು ತಿಳಿಸುವ ಹೇಳಿಕೆಗಳನ್ನು ಸ್ವಂತ ಖರ್ಚಿನಲ್ಲಿ ಪ್ರಕಟಿಸಬೇಕೆಂದು ಆಜ್ಞಾಪಿಸಿದರು. ಕಂಪನಿಗಳು ಆ ಹೇಳಿಕೆಗಳ ಪದಪದಕ್ಕೂ ಮೇಲ್ಮನವಿ ಹೂಡಿದವು. ತಾವು ಜನರನ್ನು ಬುದ್ಧಿಪೂರ್ವಕವಾಗಿ ವಂಚಿಸಿದುದಾಗಿ ನ್ಯಾಯಾಲಯವು ಕಂಡುಕೊಂಡಿದೆ ಎಂಬ ಪೀಠಿಕೆಯ ಮಾತನ್ನು ಮೇಲಿನ ನ್ಯಾಯಾಲಯವು ೨೦೧೫ರಲ್ಲಿ ತೆಗೆಸಿತು. ಹೊಗೆಯು ಸೇದದವರನ್ನೂ ಕೊಲ್ಲುತ್ತದೆ, 'ಲೈಟ್' ಸಿಗರೇಟು ಬೇರೆಯ ಸಿಗರೇಟಿಗಿಂತ ನಿರಪಾಯಕರವಲ್ಲ ಎಂಬ ಸಂಗತಿಗಳು ಉಳಿದವು. ೨೦೧೭ರ ನವೆಂಬರಿನಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಅವು ಅಚ್ಚಾದವು. ಹತ್ತರಲ್ಲಿ ಎಂಟು ಮರಳಿದಂತಾಯಿತು. ಅದೂ ಕೋರ್ಟಿನ ಆಜ್ಞೆಯಿಂದ, ಹನ್ನೊಂದು ವರ್ಷಗಳ ತರುವಾಯ.