ಹೆಣ್ಣುಮಕ್ಕಳ ಪಾಲು



ಹಳೆಯ ಒಡಂಬಡಿಕೆಯ ಸಂಖ್ಯಾಕಾಂಡವನ್ನು ನಾವು ಅಷ್ಟಾಗಿ ಓದುವುದಿಲ್ಲ. ಜನಗಣತಿ, ಕುಲಗಳ ಹೆಸರು, ಪಾಳೆಯದ ಲೆಕ್ಕ ಇವೇ ಹೆಚ್ಚಾಗಿರುವುದರಿಂದ ಪುಟ ತಿರುವಿಬಿಡುತ್ತೇವೆ. ಆದರೆ ಅದರ 27ನೆಯ ಅಧ್ಯಾಯದಲ್ಲಿ ಐವರು ಹೆಣ್ಣುಮಕ್ಕಳು ಎದ್ದು ನಿಲ್ಲುತ್ತಾರೆ: ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ ಮತ್ತು ತಿರ್ಚಾ. ಅವರ ತಂದೆ ಚಲ್ಪಹಾದನು ಮರುಭೂಮಿಯಲ್ಲೇ ತೀರಿಕೊಂಡಿದ್ದನು. ಅವನಿಗೆ ಗಂಡುಮಕ್ಕಳಿರಲಿಲ್ಲ. ವಾಗ್ದತ್ತ ನಾಡಿನಲ್ಲಿ ಭೂಮಿ ಹಂಚುವ ಮಾತು ಬಂದಾಗ ಆ ಮನೆಗೆ ಪಾಲೇ ಇಲ್ಲವೆಂದಾಯಿತು. ಆಗ ಈ ಐವರು ಮೋಶೆ, ಯಾಜಕ ಎಲ್ಲಾಜಾರ, ಕುಲದ ಮುಖಂಡರು ಮತ್ತು ನೆರೆದ ಸಮಸ್ತ ಜನರ ಮುಂದೆ ನಿಂತು ತಮ್ಮ ಪಾಲನ್ನು ಕೇಳಿದರು.

ಮೋಶೆಗೆ ಉತ್ತರ ತಿಳಿದಿರಲಿಲ್ಲ. ಆದರೆ ಅವನು ಅವರನ್ನು ಗದರಿಸಿ ಕಳುಹಿಸಲಿಲ್ಲ. ಅವರ ಮಾತನ್ನು ದೇವರ ಮುಂದೆ ಇಟ್ಟನು. ಆ ಹೆಣ್ಣುಮಕ್ಕಳು ಕೇಳಿದ್ದು ನ್ಯಾಯವಾಗಿದೆ, ಅವರಿಗೆ ಪಾಲು ಕೊಡು ಎಂಬುದೇ ದೇವರ ಉತ್ತರವಾಗಿತ್ತು. ಅಷ್ಟೇ ಅಲ್ಲ, ಅಂದಿನಿಂದ ಅದು ಇಸ್ರಯೇಲರಿಗೆಲ್ಲ ಕಟ್ಟಳೆಯಾಯಿತು.

ಈ ಐವರನ್ನು ನಾನು ಈಗ ನೆನೆಯುವುದಕ್ಕೆ ಕಾರಣವಿದೆ. ಕಳೆದ ಕೆಲವು ತಿಂಗಳಿಂದ ನಮ್ಮ ಧರ್ಮಕೇಂದ್ರದ ಸಭಾಂಗಣದಲ್ಲಿ ಭಾನುವಾರ ಎರಡನೆಯ ಪೂಜೆಯಾದ ಮೇಲೆ ಶಾಲೆ ಕಲಿಯುವ ಹೆಣ್ಣುಮಕ್ಕಳಿಗೆ ಕಂಪ್ಯೂಟರಿನ ಪ್ರೋಗ್ರಾಮ್ ಬರೆಯುವುದನ್ನು, ಈಗಿನವರ ಮಾತಿನಲ್ಲಿ ಕೋಡಿಂಗ್ ಅನ್ನು, ಕಲಿಸಲಾಗುತ್ತಿದೆ. ಕಲಿಸುವವರು ವಾರವಿಡೀ ಬೆಂಗಳೂರಿನಲ್ಲಿ ದುಡಿದು ರಜೆಗೆ ಊರಿಗೆ ಬರುವ ನಮ್ಮದೇ ಯುವಕ ಯುವತಿಯರು. ಬಳಸುತ್ತಿರುವುದು ಯಾರೋ ಉಪಯೋಗಿಸಿ ಬಿಟ್ಟ ಹಳೆಯ ಲ್ಯಾಪ್‌ಟಾಪ್‌ಗಳು ಮತ್ತು 2007ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯವರು ಮಕ್ಕಳಿಗಾಗಿ ಹೊರತಂದ, ಯಾರೂ ಹಣ ಕೊಡದೆ ಪಡೆಯಬಹುದಾದ ಸ್ಕ್ರ್ಯಾಚ್ ಎಂಬ ಪ್ರೋಗ್ರಾಮ್. ತುಮಕೂರಿನ ಮಕ್ಕಳ ಜೊತೆಗೆ ಗುಬ್ಬಿ ಕಡೆಯಿಂದ, ಕುಣಿಗಲ್ ಕಡೆಯಿಂದಲೂ ಬರುತ್ತಾರೆ. ಬರುವವರೆಲ್ಲರೂ ಕ್ರೈಸ್ತರಲ್ಲ; ಅದನ್ನು ಯಾರೂ ಕೇಳುವುದೂ ಇಲ್ಲ. ತರಗತಿಗೆ ಶುಲ್ಕವಿಲ್ಲ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಹಣವೂ ಇಲ್ಲ.

ಕೋಡಿಂಗ್ ಎಂದರೆ ಏನೋ ಮಾಯಾವಿದ್ಯೆ ಎಂದು ಹೆದರಬೇಡಿ. ಮುದ್ದೆ ಮಾಡುವುದನ್ನು ಅಡುಗೆಯ ಗಂಧವೇ ಇಲ್ಲದವನಿಗೆ ಹೇಳಿಕೊಡಬೇಕೆಂದು ಇಟ್ಟುಕೊಳ್ಳಿ. ನೀರಿಡು, ಕುದಿ ಬಂತೇ ನೋಡು, ಬಂದಿಲ್ಲವಾದರೆ ಕಾಯಿ, ಬಂದಿದ್ದರೆ ಹಿಟ್ಟು ಹಾಕು, ಬೆಂದ ಮೇಲೆ ಗಂಟು ಒಡೆಯುವವರೆಗೂ ತಿರುವು. ಒಂದು ಮಾತು ಬಿಟ್ಟರೆ ಮುದ್ದೆ ಕೆಡುತ್ತದೆ. ಕಂಪ್ಯೂಟರ್ ಅಂಥ ಏನೂ ಅರಿಯದ ಸೇವಕ. ಅದಕ್ಕೆ ಅರ್ಥವಾಗುವಂತೆ, ಒಂದೂ ಬಿಡದೆ, ಕ್ರಮವಾಗಿ ಹೇಳುವುದೇ ಕೋಡಿಂಗ್. ಒಬ್ಬ ಹುಡುಗಿ ಮೊದಲ ತಿಂಗಳಲ್ಲೇ ಪರದೆಯ ಮೇಲೆ ಜಪಸರವೊಂದನ್ನು ಬರೆಸಿದಳು. ಒಂದು ಮಣಿ ಇಡು, ಹಾಗೆ ಹತ್ತು ಸಾರಿ ಮಾಡು, ಆ ಹತ್ತನ್ನು ಐದು ಸಾರಿ ಮಾಡು. ಮೊದಲು ಹನ್ನೊಂದು ಮಣಿ ಬಂದವು. ಅವಳು ಅಳಲಿಲ್ಲ. ಸಾಲು ಸಾಲಾಗಿ ಹಿಂದಕ್ಕೆ ಹೋಗಿ ತಪ್ಪು ಎಲ್ಲಿ ಎಂದು ಹುಡುಕಿ ತಿದ್ದಿದಳು. ಪಾಪನಿವೇದನೆಗೆ ಮುಂಚೆ ನಾವು ಮಾಡಬೇಕಾದ ಆತ್ಮಶೋಧನೆಯೂ ಹೀಗೆಯೇ ಅಲ್ಲವೇ ಎಂದು ನನಗೆ ಅನ್ನಿಸಿತು. ತಪ್ಪು ಮಾಡಿದ್ದಕ್ಕೆ ಬರಿದೇ ಕೊರಗುತ್ತಾ ಕೂರುವುದಲ್ಲ, ಅದು ಎಲ್ಲಿದೆಯೆಂದು ಕಂಡುಹಿಡಿದು ಸರಿಪಡಿಸುವುದು.

ಜಪಸರ ಬರೆದ ಆ ಹುಡುಗಿ ಕ್ರಮೇಣ ತರಗತಿಗೆ ಬರುವುದನ್ನು ನಿಲ್ಲಿಸಿದಳು. ಮೂರು ವಾರ ನೋಡಿ ನಾನು ಅವರ ಮನೆಗೆ ಹೋದೆ. ಅವಳ ತಂದೆ ಒಳ್ಳೆಯ ಮನುಷ್ಯ. ಕುಡಿತವಿಲ್ಲ, ಭಾನುವಾರದ ಪೂಜೆ ತಪ್ಪಿಸಿದವರಲ್ಲ. ಕಾಫಿ ಕೊಟ್ಟು ನಿಧಾನವಾಗಿ ಹೇಳಿದರು: “ಫಾದರ್, ಅವಳಮ್ಮನಿಗೆ ಭಾನುವಾರ ಒಂದೇ ದಿನ ಮಗಳು ಕೈಗೆ ಸಿಗೋದು. ಬಟ್ಟೆ, ಪಾತ್ರೆ ಎಲ್ಲ ಇರುತ್ತೆ. ಇನ್ನು ನಾಕೈದು ವರ್ಷಕ್ಕೆ ಮದುವೆಯಾಗಿ ಹೋಗೋಳು. ನಮ್ಮ ಹುಡುಗನಿಗಾದರೆ ಹೇಳಿ, ಇವತ್ತೇ ಕಳಿಸ್ತೀನಿ.” ಹುಡುಗಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು.

ನಾನು ಕೂಡಲೇ ಉಪದೇಶ ಮಾಡಬೇಕೆಂದು ಬಾಯಿ ತೆರೆದೆ. ಆದರೆ ಮಾತು ಹೊರಡಲಿಲ್ಲ. ಏಕೆಂದರೆ ಆ ತಂದೆ ಮನೆಯಲ್ಲಿ ಮಾಡಿದ್ದನ್ನೇ ನಾನು ದೇವಾಲಯದಲ್ಲಿ ವರ್ಷಗಟ್ಟಲೆ ಮಾಡಿದ್ದೆ. ನಮ್ಮ ಕಚೇರಿಯಲ್ಲಿ ಒಂದು ಕಂಪ್ಯೂಟರ್ ಬಹಳ ದಿನದಿಂದ ಇದೆ. ಪೂಜೆ ಮುಗಿದ ಮೇಲೆ ಪೀಠಬಾಲಕರು ಅದರ ಮುಂದೆ ಕೂರುತ್ತಿದ್ದರು, ನಾನು ಬೇಡವೆನ್ನಲಿಲ್ಲ. ಅದೇ ಹೊತ್ತಿನಲ್ಲಿ ಅವರದೇ ವಯಸ್ಸಿನ ಹೆಣ್ಣುಮಕ್ಕಳು ದೇವಾಲಯ ಗುಡಿಸುತ್ತಿದ್ದರು, ಹೂದಾನಿ ತೊಳೆಯುತ್ತಿದ್ದರು. ನಾನು ಅವರನ್ನು ಹೊಗಳುತ್ತಿದ್ದೆ. ಒಂದು ದಿನವಾದರೂ, ಬನ್ನಿ, ನೀವೂ ಕೂತು ನೋಡಿ ಎಂದು ಕರೆದವನಲ್ಲ. ದೇವರ ಮನೆಯನ್ನು ಗುಡಿಸುವುದು ಪುಣ್ಯದ ಕೆಲಸ, ನಿಜ. ಆ ಪುಣ್ಯವೆಲ್ಲ ಹುಡುಗಿಯರಿಗೇ ಏಕೆ, ಕಲಿಕೆಯೆಲ್ಲ ಹುಡುಗರಿಗೇ ಏಕೆ ಎಂದು ನಾನು ಕೇಳಿಕೊಳ್ಳಲಿಲ್ಲ. ಈ ನನ್ನ ತಪ್ಪನ್ನು ಅವರ ಮುಂದೆ ಹೇಳಿಕೊಂಡೆ. ಈಗ ನಿಮ್ಮ ಮುಂದೆಯೂ ಹೇಳಿಕೊಳ್ಳುತ್ತಿದ್ದೇನೆ.

ಇದು ಹುಡುಗರ ವಿದ್ಯೆ ಎನ್ನುವವರಿಗೆ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. 1946ರಲ್ಲಿ ಅಮೆರಿಕದವರು ಎನಿಯಾಕ್ ಎಂಬ ಬೃಹತ್ ಕಂಪ್ಯೂಟರನ್ನು ಲೋಕದ ಮುಂದಿಟ್ಟಾಗ ಅದಕ್ಕೆ ಕೆಲಸ ಹೇಳಿಕೊಟ್ಟಿದ್ದವರು ಆರು ಜನ ಯುವತಿಯರು. ಅವರಲ್ಲೊಬ್ಬರಾದ ಕೇ ಮೆಕ್‌ನಲ್ಟಿ ಐರ್ಲೆಂಡಿನ ಬಡ ಕಥೋಲಿಕ ಮನೆಯಲ್ಲಿ 1921ರಲ್ಲಿ ಹುಟ್ಟಿದವರು. ಮೂರು ವರ್ಷದ ಮಗುವಾಗಿ ಅಮೆರಿಕಕ್ಕೆ ಬಂದಾಗ ಐರಿಷ್ ಬಿಟ್ಟರೆ ಅವರಿಗೆ ಒಂದು ಮಾತೂ ಇಂಗ್ಲಿಷ್ ಬರುತ್ತಿರಲಿಲ್ಲ. ಸಂತ ಜೋಸೆಫರ ಸಭೆಯ ಸಿಸ್ಟರುಗಳು ನಡೆಸುತ್ತಿದ್ದ ಕಾಲೇಜಿನಲ್ಲಿ ಗಣಿತ ಓದಿದರು. ಕನ್ನಡ ಮಾಧ್ಯಮದ ನಮ್ಮ ಮಕ್ಕಳು ಈ ಮಾತನ್ನು ನೆನಪಿಡಲಿ. ಇನ್ನು, ಅಮೆರಿಕದಲ್ಲಿ ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಮಹಿಳೆ ಒಬ್ಬ ಕನ್ಯಾಸ್ತ್ರೀ! ಸಿಸ್ಟರ್ ಮೇರಿ ಕೆನೆತ್ ಕೆಲ್ಲರ್ ಅವರು 1965ರಲ್ಲಿ ಆ ಪದವಿ ಪಡೆದು, ಕ್ಲಾರ್ಕ್ ಎಂಬ ಮಹಿಳಾ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗವನ್ನು ತೆರೆದು, ಸುಮಾರು ಇಪ್ಪತ್ತು ವರ್ಷ ಅದನ್ನು ನಡೆಸಿದರು.

ನಮ್ಮ ನಾಡಿನಲ್ಲೇ ನೋಡಿ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದುತ್ತಿದ್ದ ಸುಧಾ ಎಂಬ ತರುಣಿ, ಹೆಂಗಸರು ಅರ್ಜಿ ಹಾಕಬೇಕಾಗಿಲ್ಲ ಎಂಬ ಕೆಲಸದ ಜಾಹೀರಾತನ್ನು ಕಂಡು ಸುಮ್ಮನಾಗಲಿಲ್ಲ. ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್ ಕಾರ್ಡ್ ಬರೆದರು. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಇಂದು ಸುಧಾ ಮೂರ್ತಿಯವರನ್ನು ಅರಿಯದ ಕನ್ನಡಿಗರಿಲ್ಲ. ಆ ಕಾರ್ಡನ್ನು ನೆನೆದಾಗಲೆಲ್ಲ ನನಗೆ ಮೋಶೆಯ ಮುಂದೆ ನಿಂತ ಆ ಐವರು ನೆನಪಾಗುತ್ತಾರೆ.

“ಮದುವೆಯಾಗಿ ಹೋಗೋಳು” ಎಂಬ ಮಾತಿಗೆ ಬರೋಣ. ಇದೂ ಬೈಬಲಿನಷ್ಟೇ ಹಳೆಯದು. ಸಂಖ್ಯಾಕಾಂಡದ ಕೊನೆಯ ಅಧ್ಯಾಯವನ್ನು ಓದಿ. ಚಲ್ಪಹಾದನ ಮಕ್ಕಳಿಗೆ ಪಾಲು ಕೊಟ್ಟ ಮೇಲೆ ಕುಲದ ಹಿರಿಯರು ಮೋಶೆಯ ಬಳಿ ಬಂದರು: ಇವರು ಬೇರೆ ಕುಲದವರನ್ನು ಮದುವೆಯಾದರೆ ನಮ್ಮ ಭೂಮಿ ಅವರ ಪಾಲಾಗುತ್ತದಲ್ಲ? ಅದಕ್ಕೊಂದು ನಿಬಂಧನೆ ಬಂತು. ಆ ಹೆಣ್ಣುಮಕ್ಕಳು ಸ್ವಂತ ಕುಲದಲ್ಲೇ ಮದುವೆಯಾಗಬೇಕಾಯಿತು. ಭೂಮಿ ಕೈಬಿಟ್ಟು ಹೋಗುವ ವಸ್ತು. ಅವರ ಚಿಂತೆಯಲ್ಲಿ ಅರ್ಥವಿತ್ತು. ಆದರೆ ವಿದ್ಯೆ ಹಾಗಲ್ಲ. ಮಗಳು ಕಲಿತದ್ದನ್ನು ಗಂಡನ ಮನೆಗೆ ಒಯ್ದರೆ ತವರಿಗೆ ಕಡಿಮೆಯಾಗುವುದು ಏನು? ಅದು ಅವಳ ಮಕ್ಕಳಿಗೂ ಸಿಗುತ್ತದೆ. ಕಷ್ಟ ಬಂದಾಗ ಅವಳ ಕೈ ಹಿಡಿಯುತ್ತದೆ. ಗಂಡ ಕಾಯಿಲೆ ಬಿದ್ದಾಗ, ತೀರಿಕೊಂಡಾಗ, ಬಿಟ್ಟುಹೋದಾಗ ನನ್ನ ಬಳಿ ಬಂದು ಅತ್ತಿರುವ ಹೆಣ್ಣುಮಕ್ಕಳು ಎಷ್ಟೋ. ಒಂದು ಕೆಲಸ ಕಲಿತಿದ್ದರೆ ಆಗುತ್ತಿತ್ತು ಫಾದರ್ ಎಂಬ ಮಾತನ್ನು ಅವರೆಲ್ಲರಿಂದ ಕೇಳಿದ್ದೇನೆ.

ಮೊಬೈಲು, ಇಂಟರ್ನೆಟ್ಟು ಮಕ್ಕಳನ್ನು ಕೆಡಿಸುತ್ತವೆ ಎಂಬ ಭಯ ಕೆಲವರದು. ಭಯಕ್ಕೆ ಕಾರಣವಿಲ್ಲದಿಲ್ಲ. ಆದರೆ ಮಗನ ಕೈಗೆ ಮೊಬೈಲು ಕೊಟ್ಟು ಮಗಳಿಗೆ ಮಾತ್ರ ಬೇಡವೆನ್ನುವುದು ಭಯವಲ್ಲ, ತಾರತಮ್ಯ. 2025ರ ಸೆಪ್ಟೆಂಬರ್ 7ರಂದು ಹದಿನಾಲ್ಕನೆಯ ಲಿಯೋ ಜಗದ್ಗುರುಗಳು ಸಂತಪದವಿಗೇರಿಸಿದ ಕಾರ್ಲೊ ಅಕುಟಿಸ್ ಹದಿನೈದನೆಯ ವಯಸ್ಸಿನಲ್ಲಿ, 2006ರಲ್ಲಿ, ತೀರಿಕೊಂಡ ಬಾಲಕ. ತಾನೇ ಓದಿ ಪ್ರೋಗ್ರಾಮ್ ಬರೆಯಲು ಕಲಿತು, ಪರಮಪ್ರಸಾದದ ಅದ್ಭುತಗಳನ್ನು ಸಂಗ್ರಹಿಸಿ ಲೋಕಕ್ಕೆ ತೋರಿಸಿದನು. ಯಂತ್ರ ಅವನನ್ನು ಆಳಲಿಲ್ಲ, ಅವನೇ ಅದನ್ನು ದೇವರ ಸೇವೆಗೆ ದುಡಿಸಿದನು. ಯಂತ್ರ ಹೇಗೆ ನಡೆಯುತ್ತದೆಂದು ಬಲ್ಲವರು ಅದಕ್ಕೆ ದಾಸರಾಗುವುದು ಕಷ್ಟ. ಬರಿದೇ ಅದನ್ನು ನೋಡುತ್ತಾ ಕೂರುವವರಿಗೇ ಆ ಅಪಾಯ ಹೆಚ್ಚು.

ಕೋಡಿಂಗ್ ಕಲಿತರೆ ಎಲ್ಲರಿಗೂ ದೊಡ್ಡ ಕೆಲಸ ಸಿಗುತ್ತದೆಂದು ನಾನು ಹೇಳುವುದಿಲ್ಲ. ಯಂತ್ರವೇ ಈಗ ಪ್ರೋಗ್ರಾಮ್ ಬರೆಯುವ ಕಾಲ ಬಂದಿದೆ. ಆದರೆ ಒಂದು ಸಮಸ್ಯೆಯನ್ನು ಬಿಡಿಸಿ ನೋಡುವುದು, ಕ್ರಮವಾಗಿ ಯೋಚಿಸುವುದು, ಸೋತರೆ ಮತ್ತೆ ಪ್ರಯತ್ನಿಸುವುದು, ನಾಲ್ಕು ಜನರ ಮುಂದೆ ನಿಂತು ನಾನು ಇದನ್ನು ಮಾಡಿದೆ ಎನ್ನುವುದು, ಇವು ಎಲ್ಲಿಗೆ ಹೋದರೂ ಬೇಕಾದವು. ಗುಬ್ಬಿ ತಾಲ್ಲೂಕಿನಲ್ಲೇ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಅದರ ಬಾಗಿಲ ಮುಂದೆ ನಮ್ಮ ಹೆಣ್ಣುಮಕ್ಕಳು ಬರೀ ನೋಡುತ್ತಾ ಹಾದುಹೋಗಬೇಕೇ?

ಪ್ರಿಯರೇ, ತುಮಕೂರಿನವರಾದ ನಮಗೆ ದಾಸೋಹದ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮೀಜಿಯವರು ಅನ್ನದ ಜೊತೆಗೆ ಅಕ್ಷರವನ್ನೂ ದಾಸೋಹವೆಂದೇ ನಡೆಸಿದರು. ನಮ್ಮ ಶುಭಸಂದೇಶದಲ್ಲೂ ಇದೇ ಇದೆ. ಯಾಯಿರನ ಮಗಳಿಗೆ ಹನ್ನೆರಡು ವರ್ಷ. ಸತ್ತುಹೋದಳೆಂದು ಎಲ್ಲರೂ ಕೈಬಿಟ್ಟಿದ್ದ ಆ ಬಾಲೆಯ ಕೈಹಿಡಿದು ಪ್ರಭು ಯೇಸು ಎಬ್ಬಿಸಿದರು. ಅವಳು ಎದ್ದು ನಡೆದಾಡಿದಳು. ಆಮೇಲೆ ಅವರು ಮನೆಯವರಿಗೆ ಹೇಳಿದ್ದು ಒಂದು ಸಣ್ಣ ಕೆಲಸ: ಅವಳಿಗೆ ಊಟ ಕೊಡಿ ಎಂದು. ಎಬ್ಬಿಸುವುದು ದೇವರ ಕೆಲಸ; ಎದ್ದವಳಿಗೆ ಉಣಬಡಿಸುವುದು ಮನೆಯವರ ಕೆಲಸ.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ತಂದೆತಾಯಿಗಳೇ, ಭಾನುವಾರ ಎರಡು ಗಂಟೆ ಕಾಲ ಮಗಳನ್ನು ಬಿಡಿ. ಆ ಎರಡು ಗಂಟೆ ಪಾತ್ರೆಯನ್ನು ಮಗ ತೊಳೆಯಲಿ. ಯುವಜನರೇ, ನೀವು ಕಲಿತದ್ದನ್ನು ವಾರಕ್ಕೊಮ್ಮೆ ಹಂಚಿ. ಮನೆಯಲ್ಲಿ ಮೂಲೆಗೆ ಬಿದ್ದ ಲ್ಯಾಪ್‌ಟಾಪ್ ಇದ್ದರೆ ನಿಮ್ಮ ಧರ್ಮಕೇಂದ್ರಕ್ಕೆ ಕೊಡಿ. ಗುರುಗಳಾದ ನಾವು ಸಭಾಂಗಣದ ಬೀಗ ತೆಗೆಯೋಣ, ದೇವಾಲಯ ಗುಡಿಸಲು ಹುಡುಗರನ್ನೂ ಕರೆಯೋಣ.

ಆ ಹುಡುಗಿ ಮತ್ತೆ ಬಂದಳೇ ಎಂದು ಕೇಳುವಿರಿ. ಒಂದು ಭಾನುವಾರ ಬರುತ್ತಾಳೆ, ಇನ್ನೊಂದು ಭಾನುವಾರ ಬರುವುದಿಲ್ಲ. ಬಂದ ದಿನ ಅವಳ ತಂದೆಯೇ ಬಸ್ ನಿಲ್ದಾಣದವರೆಗೆ ಬಂದು ಹತ್ತಿಸುತ್ತಾರಂತೆ. ಅವರಿಗಾಗಿ ಪ್ರಾರ್ಥಿಸಿ. ನನಗಾಗಿಯೂ ಪ್ರಾರ್ಥಿಸಿ.

ಐವರು ಹೆಣ್ಣುಮಕ್ಕಳ ಮೊರೆಯನ್ನು ಆಲಿಸಿದ ದೇವರೇ, ನಮ್ಮ ಮನೆಗಳ ಬಾಗಿಲ ಹಿಂದೆ ನಿಂತಿರುವ ಮಕ್ಕಳ ದನಿ ಕೇಳುವ ಕಿವಿಯನ್ನು ನಮಗೆ ಕೊಡಿ. ಆಮೆನ್.