ಎಳೆಗೂಸಿನ ಅನ್ನವೂ ಮನೆಯ ಮಡಿಯೂ



ಕಳೆದ ಚಾತುರ್ಮಾಸ್ಯದಲ್ಲಿ ಛತ್ರಪತಿ ಸಂಭಾಜಿನಗರದ ಸಿಡ್ಕೋ ಬಡಾವಣೆಯ ಮನೆಯೊಂದಕ್ಕೆ ನಾವು ಹೋಗಿದ್ದೆವು. ಯಜಮಾನರು ವಿಜಾಪುರದ ಕಡೆಯವರು, ವಾಳೂಜಿನಲ್ಲಿ ಉದ್ಯೋಗ. ಮನೆಯಲ್ಲಿ ಎಂಟು ತಿಂಗಳು ತುಂಬಿದ ಗಂಡುಕೂಸು. ಆರನೆಯ ತಿಂಗಳಲ್ಲಿ ಅನ್ನಪ್ರಾಶನ ಯಥಾವಿಧಿ ನಡೆದಿತ್ತು. ಆದರೆ ಅಂದು ನಾಲಗೆಗೆ ಸೋಕಿಸಿದ ಪಾಯಸವೇ ಆ ಕೂಸು ಕಂಡ ಮೊದಲ ಹಾಗೂ ಕೊನೆಯ ಅನ್ನ. ರಕ್ತ ಕಡಿಮೆಯಿದೆಯೆಂದು ವೈದ್ಯರು ಹೇಳಿದ್ದರು. ಕಾರಣ ಕೇಳಲಾಗಿ ತಾಯಿ ಸಂಕೋಚದಿಂದ, "ಅನ್ನ ಕೊಟ್ರ ಮನಿತುಂಬ ಮುಸುರಿ ಆಗ್ತದ, ಕಾಕಾ. ದೇವರ ಗೂಡು ಅಡಿಗಿ ಕಟ್ಟಿ ಬಾಜೂಕನ ಅದ. ನೀರು ನೋಡಿದ್ರ ನಾಕೈದು ದಿನಕ್ಕೊಮ್ಮೆ. ಇನ್ನೆರಡು ತಿಂಗಳು ಹಾಲಿನ ಮ್ಯಾಲ ಇರಲಿ ಅಂತ ಬಿಟ್ಟೀವಿ" ಎಂದರು.

ಈ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಊರಿನ ಮನೆಗಳಲ್ಲಿ ದೇವರಮನೆ, ಪಡಸಾಲೆ, ಹಿತ್ತಲು ಬೇರೆ ಬೇರೆ. ಹಿತ್ತಲ ಬಾಗಿಲಲ್ಲಿ ಕೂಸನ್ನು ಕೂಡಿಸಿ ಉಣಿಸಿದರೆ ಬಿದ್ದ ಅಗುಳನ್ನು ಗುಬ್ಬಿಗಳೇ ಹೆಕ್ಕುತ್ತಿದ್ದವು. ಎರಡು ಕೋಣೆಯ ನಗರದ ಮನೆಯಲ್ಲಿ ಆ ಅನುಕೂಲವೆಲ್ಲಿ? ನಾಸಿಕಕ್ಕೆ ಗಂಗಾಪುರದ ಅಣೆಕಟ್ಟಿನಿಂದ ನೀರು ಕೊಡುವ ಗೋದಾವರಿಯೇ ಮುಂದೆ ಪೈಠಣದ ಜಾಯಕವಾಡಿಯಲ್ಲಿ ಸಮುದ್ರದಂತೆ ನಿಲ್ಲುತ್ತಾಳೆ. ಆದರೂ ಸಂಭಾಜಿನಗರದ ಗೃಹಿಣಿಯರು ಎಷ್ಟೋ ವರ್ಷ ಡ್ರಮ್ಮುಗಳಲ್ಲಿ ನೀರು ಕೂಡಿಟ್ಟೇ ಸಂಸಾರ ನಡೆಸಿದ್ದಾರೆ.

ಆದರೆ ಎಳೆಗೂಸಿನಿಂದ ಇಂಥ ಮಡಿಯನ್ನು ಶಾಸ್ತ್ರವು ಅಪೇಕ್ಷಿಸುತ್ತದೆಯೇ ಎಂಬುದನ್ನು ಮೊದಲು ವಿಚಾರಿಸಬೇಕು. ಗೌತಮ ಧರ್ಮಸೂತ್ರದ ಎರಡನೆಯ ಅಧ್ಯಾಯವು ಈ ಪ್ರಶ್ನೆಯಿಂದಲೇ ಆರಂಭವಾಗುತ್ತದೆ. ಉಪನಯನಕ್ಕೆ ಮುಂಚೆ ಬಾಲಕನಿಗೆ ನಡೆ, ನುಡಿ, ಆಹಾರಗಳಲ್ಲಿ ನಿರ್ಬಂಧವಿಲ್ಲ; ಆಚಮನದ ವಿಧಿಯೂ ಅವನಿಗಿಲ್ಲ. ಒರೆಸುವುದು, ತೊಳೆಯುವುದು, ನೀರು ಪ್ರೋಕ್ಷಿಸುವುದು, ಇವಿಷ್ಟೇ ಅವನ ಶುದ್ಧಿ. ಅವನನ್ನು ಮುಟ್ಟಿದ್ದರಿಂದ ದೊಡ್ಡವರಿಗೆ ಅಶೌಚವಿಲ್ಲವೆಂದೂ ಸೂತ್ರಕಾರರು ಬಾಯಿಬಿಟ್ಟು ಹೇಳಿದ್ದಾರೆ. ಯಾಜ್ಞವಲ್ಕ್ಯ ಸ್ಮೃತಿಯಂತೂ ಮನೆಯಲ್ಲಿ ಯಾರಿಗೆ ಮೊದಲು ಉಣಿಸಬೇಕೆಂದು ಹೇಳುವಾಗ ಬಾಲಕನ ಹೆಸರಿನಿಂದಲೇ ತೊಡಗುತ್ತದೆ; ಅತಿಥಿಯೂ ಅನಂತರವೇ, ದಂಪತಿಗಳಿಗೆ ಉಳಿದದ್ದು. ಹೀಗಿರಲು ನಮ್ಮ ಮುಸುರೆಯ ಭಯದಿಂದ ಕೂಸಿನ ಅನ್ನವನ್ನು ಮುಂದೂಡುವುದು ಯಾವ ಧರ್ಮ?

ನಮ್ಮ ನೆರೆಯ ಮರಾಠೀ ಜನರು ಅನ್ನಪ್ರಾಶನವನ್ನು ‘ಉಷ್ಟಾವಣ’ ಎನ್ನುತ್ತಾರೆ. ಉಷ್ಟೆ ಎಂದರೆ ಉಚ್ಛಿಷ್ಟ, ಎಂಜಲು. ಕೂಸು ಎಂಜಲು ಮಾಡಲು ತೊಡಗಿದ್ದೇ ಅವರಿಗೆ ಹಬ್ಬ. ಸೋದರಮಾವನು ಬೆಳ್ಳಿಯ ಬಟ್ಟಲು ತರುತ್ತಾನೆ.

ಆಶ್ವಲಾಯನರು ಗೃಹ್ಯಸೂತ್ರದಲ್ಲಿ ಇದಕ್ಕೆ ಆರನೆಯ ತಿಂಗಳನ್ನೇ ವಿಧಿಸಿದ್ದಾರೆ. ಆರು ತಿಂಗಳವರೆಗೆ ತಾಯಿಯ ಹಾಲು ಮಾತ್ರ, ಅನಂತರ ಹಾಲಿನೊಡನೆ ಮೆತ್ತನೆಯ ಆಹಾರ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2001ರಿಂದ ಹೇಳುತ್ತ ಬಂದಿದೆ. ಹುಟ್ಟುವಾಗ ಕೂಸು ತಂದ ಕಬ್ಬಿಣದ ಅಂಶ ಆ ವೇಳೆಗೆ ಕರಗುತ್ತ ಬಂದಿರುತ್ತದೆ. ಹಾಲೊಂದೇ ಅದನ್ನು ತುಂಬಲಾರದು. ಸೂತ್ರದಲ್ಲಿ ಮೊಸರು, ತುಪ್ಪಗಳೊಡನೆ ಜೇನೂ ಇದೆ. ವರ್ಷ ತುಂಬುವವರೆಗೆ ಜೇನು ಬೇಡವೆಂದು ಇಂದಿನ ವೈದ್ಯರು ಖಚಿತವಾಗಿ ಹೇಳುತ್ತಾರೆ. ಅದರಲ್ಲಿ ಅಡಗಿರಬಹುದಾದ ಒಂದು ಸೂಕ್ಷ್ಮಜೀವಿಯ ಬೀಜ ಎಳೆಯ ಕರುಳಿನಲ್ಲಿ ಮೊಳೆತು ವಿಷವಾದೀತು. ಪುರೋಹಿತರಿಗೆ ಮೊದಲೇ ತಿಳಿಸಿ ಜೇನನ್ನು ಕೂಸಿನ ಬಾಯಿಗೆ ಸೋಕಿಸದಿರುವುದು ಲೇಸೆಂದು ನಮ್ಮ ಅಭಿಪ್ರಾಯ.

ಸುಮಧ್ವವಿಜಯದಲ್ಲಿ ಪಾಜಕದ ಶಿಶು ವಾಸುದೇವನು ಅಕ್ಕ ಕೊಟ್ಟ ಬೆಂದ ಹುರುಳಿಯನ್ನು ಉಂಡು ಜೀರ್ಣಿಸಿಕೊಂಡ ಕಥೆ ಎಲ್ಲರೂ ಬಲ್ಲದ್ದೇ. ಅವನು ವಾಯುದೇವರ ಅವತಾರ. ತಾಯಿ ಮನೆಗೆ ಬಂದು ಗಾಬರಿಯಾದದ್ದೂ ಅದೇ ಕಥೆಯಲ್ಲಿದೆ. ನಮಗೆ ಅನುಸರಣೀಯವಾದದ್ದು ಆ ಗಾಬರಿ! ನಮ್ಮ ಕೂಸುಗಳಿಗೆ ಎರಡು ಮೂರು ಚಮಚೆಯಿಂದಲೇ ಆರಂಭಿಸಬೇಕು. ನಾಸಿಕ ಜಿಲ್ಲೆಯ ಪಶ್ಚಿಮದ ಗುಡ್ಡಗಳಲ್ಲಿ ಬೆಳೆಯುವ ನಾಚಣಿ ನಮ್ಮ ರಾಗಿಯೇ. ಅದನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಸೋಸಿದರೆ ರಾಗಿ ಸರಿ ಸಿದ್ಧ. ಮೊಳಕೆಯಿಂದಾಗಿ ಗಂಜಿ ಅಂಟಾಗದು. ಸ್ವಲ್ಪದರಲ್ಲೇ ಹೆಚ್ಚು ಸತ್ವ ಹಿಡಿಸುತ್ತದೆ. ಉಪ್ಪು ಸಕ್ಕರೆಗಳಿಗೆ ಅವಸರವಿಲ್ಲ. ಗಂಜಿ ಚಮಚೆಯಿಂದ ಸುರಿಯುವಷ್ಟು ತೆಳ್ಳಗಿರಬಾರದು.

ಬೆಳಿಗ್ಗೆ ಬೇಯಿಸಿದ್ದನ್ನು ಸಂಜೆಯವರೆಗೆ ಇಟ್ಟು ಕೊಡಬೇಡಿರಿ. ಗೀತೆಯ ಹದಿನೇಳನೆಯ ಅಧ್ಯಾಯ ಯಾತಯಾಮ ಅನ್ನವನ್ನು ತಾಮಸವೆಂದಿದೆ. ಯಾಮವೆಂದರೆ ಮೂರು ಗಂಟೆ. ಹೊರಗಿಟ್ಟ ಬೆಂದ ಆಹಾರಕ್ಕೆ ಇಂದಿನವರು ಕೊಡುವ ಅವಧಿ ಎರಡೇ ಗಂಟೆ. ರೈಲ್ವೆಯಲ್ಲಿ ಆಯುಷ್ಯ ಕಳೆದ ನಮಗೆ ಒಂದು ಗಂಟೆಯ ವ್ಯತ್ಯಾಸ ದೊಡ್ಡದೆನಿಸದು, ಆದರೆ ಕೂಸಿನ ಹೊಟ್ಟೆಗೆ ದೊಡ್ಡದೇ.

ಶುಚಿತ್ವದ ವಿಷಯದಲ್ಲಿ ಒಂದು ಕಟುಮಾತು. ನಮ್ಮವರು ದಿನಕ್ಕೆ ಇಪ್ಪತ್ತು ಸಲ ಕೈಗೆ ನೀರು ಹಾಕಿಕೊಳ್ಳುತ್ತಾರೆ, ಸಾಬೂನು ಮುಟ್ಟುವುದಿಲ್ಲ. ಉಣಿಸುವ ಮುನ್ನ ಸಾಬೂನು ಬೇಕು, ಕೂಸಿನ ಕೈಗೂ ಬೇಕು. ಡ್ರಮ್ಮಿನ ನೀರನ್ನು ಕುದಿಸಿಯೇ ಕುಡಿಸಬೇಕು. ತೊಳೆಯಲು ಕಷ್ಟವಾದ ಸೀಸೆಗಿಂತ ನಮ್ಮ ಒಳಲೆ, ಬಟ್ಟಲುಗಳೇ ಮೇಲು.

ನಾಸಿಕ ರೋಡಿನ ರೈಲ್ವೆ ವಸತಿಗೃಹದಲ್ಲಿದ್ದಾಗ ನಮ್ಮ ಮಗಳು ಗಂಜಿಯನ್ನು ನೆಲಕ್ಕೆಲ್ಲ ಬಳಿದಳೆಂದು ನಾವೇ ಕೂಗಾಡಿದ್ದುಂಟು. ನಮ್ಮ ತಾಯಿ, "ಬೆಣ್ಣಿ ಬಳಕೊಂಡ ಕೃಷ್ಣಗ ಕೈ ಮುಗೀತಿ, ಮಗಳ ಮಾರಿಗೆ ಗಂಜಿ ಹತ್ತಿದ್ರ ಮಾರಿ ತಿರುವತಿ" ಎಂದರು. ಮರುದಿನದಿಂದ ದೇವರ ಗೂಡಿಗೆ ದೂರದ ಮೂಲೆಯಲ್ಲಿ ನಮ್ಮದೇ ಹಳೆಯ ಪಂಚೆ ಹಾಸಿ ಕೂಸನ್ನು ಕೂಡಿಸಿದರು. ಊಟವಾದ ಮೇಲೆ ಅಗುಳುಗಳ ಸಮೇತ ಪಂಚೆ ಮಡಚಿ ಎತ್ತುವುದು, ಒದ್ದೆ ಅರಿವೆಯಿಂದ ಒರೆಸುವುದು, ಅಷ್ಟೇ. ಒಂದು ತಂಬಿಗೆ ನೀರು ಸಾಕಾಗುತ್ತಿತ್ತು. ಮಡಿಯ ಅಡುಗೆಯನ್ನು ಆ ಹೊತ್ತಿಗೆ ನಮ್ಮ ಪತ್ನಿಯವರು ನೋಡಿಕೊಳ್ಳುತ್ತಿದ್ದರು.

ಇದನ್ನೇ ಆ ಸಂಭಾಜಿನಗರದ ತಾಯಿಗೂ ಹೇಳಿ ಬಂದಿದ್ದೆವು. ಕಾರ್ತೀಕದಲ್ಲಿ ಮತ್ತೆ ಹೋದಾಗ ಮೂಲೆಯಲ್ಲಿ ಪಂಚೆ ಹಾಸಿತ್ತು. ವೈದ್ಯರು ಬರೆದ ಕಬ್ಬಿಣದ ಹನಿಗಳೂ ನಡೆದಿದ್ದವು. ಕೂಸು ಹೆಸರುಬೇಳೆಯ ಅನ್ನವನ್ನು ಮುಷ್ಟಿಯಲ್ಲಿ ಹಿಡಿದು ತೆವಳುತ್ತ ಬಂದು ನಮ್ಮ ಶಲ್ಯಕ್ಕೆ ಒರೆಸಿತು.

ಶ್ರೀಕೃಷ್ಣಾರ್ಪಣಮಸ್ತು