ಫೋಟೋದ ಉದ್ರಿ

ಕನ್ನಡಿಯ ಮುಂದೆ ನಿಂತ ಹೆಣ್ಣು ತನ್ನನ್ನು ತಾನು ನೋಡಿಕೊಳ್ಳುತ್ತಾಳೆ. ಕ್ಯಾಮೆರಾದ ಮುಂದೆ ಕೂತಾಗ ಅವಳಿಗೆ ನಾಲ್ಕು ಜನರ ಕಣ್ಣು ನೆನಪಾಗುತ್ತದೆ. ಸೆರಗು ಸರಿಮಾಡಿಕೊಳ್ಳುತ್ತಾಳೆ, ಹಣೆ ಮುಟ್ಟಿ ನೋಡಿಕೊಳ್ಳುತ್ತಾಳೆ, ‘ಚಂದ ಬರ್ತದಲ್ಲ?’ ಎಂದು ಕೇಳುತ್ತಾಳೆ. ಚಂದ ಬರಲಿ ಎಂದು ಆಸೆಪಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಇಲ್ಲದ ಚಂದವನ್ನು ಆಮೇಲೆ ತಂದು ಕೂರಿಸಿದರೆ ಅದು ಸಿಂಗಾರವೋ, ಸುಳ್ಳೋ? ಮದುವೆಗೆ ಬಂದ ಮಗಳಿರುವ ಮನೆಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ.

ನನ್ನ ಅಣ್ಣನ ಮಗಳು ಹುಮನಾಬಾದಿನಲ್ಲಿ, ತನ್ನ ಮನೆಯ ಹೊರಗಿನ ಕೋಣೆಯಲ್ಲೇ ಫೋಟೋ ತೆಗೆಯುವ, ತಿದ್ದುವ ಕೆಲಸ ಮಾಡುತ್ತಾಳೆ. ಬಸವಕಲ್ಯಾಣದಿಂದ ಹೋದಾಗಲೆಲ್ಲ ನಾನು ಅವಳ ಮಗ್ಗುಲಲ್ಲಿ ಕೂತು ನೋಡುತ್ತೇನೆ. ಹಳೆಯ ಕಂಪ್ಯೂಟರು, ಅದರಲ್ಲಿ ಗಿಂಪ್, ಡಾರ್ಕ್‌ಟೇಬಲ್ ಎಂಬ ಎರಡು ತಂತ್ರಾಂಶ. ಎರಡಕ್ಕೂ ಅವಳು ದುಡ್ಡು ಕೊಟ್ಟಿಲ್ಲ, ಎರಡನ್ನೂ ಕದ್ದಿಲ್ಲ. ಗಿಂಪನ್ನು 1995ರಲ್ಲಿ ಅಮೆರಿಕದ ಬರ್ಕ್ಲಿಯ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್, ಶುರುಮಾಡಿದರು. ಡಾರ್ಕ್‌ಟೇಬಲ್ 2009ರಲ್ಲಿ ಬಂತು. ಇವನ್ನು ಮುಕ್ತ ತಂತ್ರಾಂಶ ಎನ್ನುತ್ತಾರೆ. ನಮ್ಮ ರಂಗೋಲಿ ವಹಿ ಇದ್ದ ಹಾಗೆ: ಎಷ್ಟು ಚುಕ್ಕಿ, ಯಾವ ಗೆರೆ ಎಲ್ಲಿಗೆ ಎಂಬುದೆಲ್ಲ ಬಿಚ್ಚಿಟ್ಟಿರುತ್ತದೆ, ಯಾರೂ ನೋಡಿ ಹಾಕಬಹುದು, ಬದಲಿಸಬಹುದು, ಪಕ್ಕದ ಮನೆಯವಳಿಗೂ ಕೊಡಬಹುದು.

ಅವಳ ಹತ್ತಿರ ಬರುವವರ ಮೊದಲ ಮಾತು ಬಹಳ ಮಾಡಿ ಒಂದೇ: ‘ಜರಾ ಬೆಳ್ಳಗ ಮಾಡವ್ವಾ.’

ಅವಳು ನಗುತ್ತಾಳೆ. ‘ಅತ್ತಿ, ಮುಖ ಕಪ್ಪ ಬಂದದ್ದು ಮುಖದ ತಪ್ಪಲ್ಲ, ಬೆಳಕಿಂದು’ ಎನ್ನುತ್ತಾಳೆ. ಕ್ಯಾಮೆರಾ ತನ್ನೆದುರಿನ ಬೆಳಕನ್ನೆಲ್ಲ ಸರಾಸರಿ ಹಿಡಿದು ಒಂದು ನಡುಬೂದು ಬಣ್ಣಕ್ಕೆ ತರಲು ನೋಡುತ್ತದೆ. ಸುಣ್ಣ ಬಳಿದ ಗೋಡೆಯ ಮುಂದೆ ಕಂದು ಮೈಬಣ್ಣದ ಹುಡುಗಿಯನ್ನು ನಿಲ್ಲಿಸಿದರೆ, ಗೋಡೆಯ ಬಿಳುಪನ್ನು ತಗ್ಗಿಸುವ ಭರದಲ್ಲಿ ಅವಳ ಮುಖವನ್ನೂ ಕತ್ತಲು ಮಾಡಿಬಿಡುತ್ತದೆ. ಬಣ್ಣದ ಫಿಲ್ಮಿನ ಕಾಲದಲ್ಲೂ ಹೀಗೇ ಇತ್ತು. ಪ್ರಿಂಟಿನ ಬಣ್ಣ ಸರಿಹೊಂದಿಸಲು ಕೊಡಾಕ್ ಕಂಪನಿ ಲ್ಯಾಬುಗಳಿಗೆ ಕೊಡುತ್ತಿದ್ದ ‘ಶರ್ಲಿ ಕಾರ್ಡಿ’ನಲ್ಲಿ ದಶಕಗಟ್ಟಲೆ ಇದ್ದದ್ದು ಬಿಳಿಯ ಹೆಂಗಸಿನ ಮುಖ. ಅವಳ ಮೈಬಣ್ಣ ಸರಿಬಂದರೆ ಎಲ್ಲರದ್ದೂ ಸರಿಬಂತೆಂದು ಲೆಕ್ಕ.

ನನ್ನ ಸೊಸೆ ಹುಡುಗಿಯರನ್ನು ಬಾಗಿಲ ಪಕ್ಕ, ಬಿಸಿಲು ನೇರ ಬೀಳದ ಕಡೆ, ಮುಖ ತುಸು ಬೆಳಕಿಗೆ ತಿರುಗಿಸಿ ಕೂರಿಸುತ್ತಾಳೆ. ಬಿಳಿ ಗೋಡೆಯೇ ಬೇಕೆಂದರೆ ಕ್ಯಾಮೆರಾದಲ್ಲಿ ಬೆಳಕನ್ನು ಒಂದು ಹಂತ ಏರಿಸುತ್ತಾಳೆ. ಆಗ ಕಂದು ಬಣ್ಣ ಕಂದಾಗಿಯೇ ಹೊಳೆಯುತ್ತದೆ. ಬೆಳಕು ಕೊಡುವುದು ಬೇರೆ, ಬಣ್ಣ ಬದಲಿಸುವುದು ಬೇರೆ. ಮೊದಲನೆಯದು ಆ ಹುಡುಗಿಗೆ ಸಲ್ಲಬೇಕಾದದ್ದು. ಎರಡನೆಯದು, ನೀನು ಇರುವ ಹಾಗಿದ್ದರೆ ಸಾಲದು ಎಂದು ಅವಳಿಗೆ ಹೇಳಿದಂತೆ.

ಒಮ್ಮೆ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಾಗ ನಾನೂ ಅಲ್ಲಿದ್ದೆ. ಹುಡುಗಿಯ ಎಡಗೆನ್ನೆಯ ಮೇಲೆ ಚಿಕ್ಕಂದಿನಲ್ಲಿ ಕಾದ ಎಣ್ಣೆ ಸಿಡಿದ ಕಲೆ, ಅದರ ಪಕ್ಕ ಎರಡು ಮೊಡವೆ. ಗಿಂಪಿನಲ್ಲಿ ಒಂದು ಉಪಕರಣವಿದೆ. ಪಕ್ಕದ ಚೊಕ್ಕ ಚರ್ಮದ ಹದವನ್ನು ತಂದು ಗಾಯ ಮಾಯಿಸಿದಂತೆ ಮುಚ್ಚುತ್ತದೆ. ‘ಮೊಡವೆ ಎಂಟು ದಿನಕ್ಕ ತಾನೇ ಹೋಗ್ತದ, ಇವತ್ತೇ ಕಳಸೂಣು’ ಎಂದು ಸೊಸೆ ಅವನ್ನು ತೆಗೆದಳು. ತಾಯಿ, ‘ಕಲೆನೂ ತೆಗಿಯವ್ವಾ, ಅವ್ರು ನೋಡ್ಲಿಕ್ಕಿ ಬಂದಾಗ ಹೇಳಿದ್ರಾತು’ ಅಂದರು. ಅಷ್ಟು ಹೊತ್ತು ಸುಮ್ಮನಿದ್ದ ಹುಡುಗಿ ಬಾಯಿಬಿಟ್ಟಳು: ‘ಬ್ಯಾಡವ್ವಾ. ಆವಾಗ ಅವ್ರು ಫೋಟೋ ನೋಡಂಗಿಲ್ಲ, ನನ್ನ ನೋಡ್ತಾರ.’

ತಾಯಿಯನ್ನು ಬೈಯುವುದು ಸುಲಭ. ಫೋಟೋ ನೋಡಿಯೇ ‘ಬೇಡ’ ಎನ್ನುವ ಮನೆಗಳು ಎಷ್ಟೋ ಇವೆ. ಹುಡುಗಿಯ ಓದು, ಗುಣ, ಮಾತು ಯಾವುದೂ ಅವರಿಗೆ ತಿಳಿಯುವುದೇ ಇಲ್ಲ. ಮೊದಲು ನೋಡಲಿಕ್ಕಾದರೂ ಬರಲಿ ಎಂಬುದು ಆ ತಾಯಿಯ ಸಂಕಟ. ಆದರೆ ಆ ಲೆಕ್ಕದಲ್ಲಿ ಒಂದು ಉದ್ರಿ ಅಡಗಿದೆ. ಫೋಟೋ ಉದ್ರಿ ತಂದ ಚಂದವನ್ನು, ಚಹಾದ ತಾಟು ಹಿಡಿದು ಹೊರಗೆ ಬರುವ ಹುಡುಗಿ ತೀರಿಸಬೇಕು. ಬಂದವರ ಕಣ್ಣು ಅವಳ ಕೆನ್ನೆಯ ಮೇಲೆ ನಿಂತಾಗ ತಾಯಿ ಅಲ್ಲೇ ಇದ್ದರೂ ಆ ನೋಟವನ್ನು ತಾಳಿಕೊಳ್ಳುವವಳು ಅವಳೊಬ್ಬಳೇ. ಸಾಲ ಮಾಡಿದವರು ಒಬ್ಬರು, ತೀರಿಸುವವಳು ಇನ್ನೊಬ್ಬಳು.

ಹಾಗಾದರೆ ಇದ್ದದ್ದನ್ನು ಇದ್ದಂತೆ ತೋರಿಸಿದ್ದು ಮಾತ್ರ ನಿಜ, ಮಿಕ್ಕದ್ದೆಲ್ಲ ಸುಳ್ಳು ಎನ್ನೋಣವೇ? ನನ್ನ ಊರಿನಲ್ಲೇ ಈ ಪ್ರಶ್ನೆಗೆ ಹಳೆಯ ಜವಾಬೊಂದಿದೆ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ಗ್ರಂಥ ಬರೆದ. ಅಡುಗೆ, ಆಟ, ಆನೆ, ಸಂಗೀತಗಳ ಜೊತೆಗೆ ಚಿತ್ರದ ಮಾತೂ ಅದರಲ್ಲಿದೆ. ಕನ್ನಡಿಯಲ್ಲಿ ಕಂಡಂತೆ ಹೋಲಿಕೆ ಹಿಡಿದು ಬರೆದದ್ದು ವಿದ್ಧ ಚಿತ್ರ. ಬರೆಯಬೇಕೆನಿಸಿ, ಆಕಾರವಷ್ಟೇ ಇರುವಂತೆ ಬರೆದದ್ದು ಅವಿದ್ಧ ಚಿತ್ರ. ಎರಡಕ್ಕೂ ಅವನು ಜಾಗ ಕೊಟ್ಟಿದ್ದಾನೆ.

ನಾವೂ ಕೊಟ್ಟಿದ್ದೇವೆ. ಬಸವಣ್ಣನವರ ಕಾಲದಲ್ಲಿ ಅವರನ್ನು ನೋಡಿ ಬರೆದ ಚಿತ್ರ ಯಾವುದೂ ನಮಗೆ ಉಳಿದಿಲ್ಲ, ಅಕ್ಕಮಹಾದೇವಿಯದೂ ಇಲ್ಲ. ಬಸವಕಲ್ಯಾಣದಲ್ಲಿ 108 ಅಡಿಯ ಬಸವಣ್ಣನವರ ಮೂರ್ತಿಯ ಮುಂದೆ ಕೈಮುಗಿಯುವವರು ಯಾರೂ ಮೋಸಹೋದವರಲ್ಲ. ಅದು ಭಕ್ತಿ ಕಂಡ ಮುಖವೆಂದು ಅವರಿಗೆ ಗೊತ್ತು. ಆಸೆಯಿಂದ ಬರೆದ ಚಿತ್ರ ಸುಳ್ಳಲ್ಲ. ಆಸೆಯ ಚಿತ್ರವನ್ನು ಕನ್ನಡಿಯ ಚಿತ್ರವೆಂದು ಮಾರಿದಾಗ ಅದು ಸುಳ್ಳಾಗುತ್ತದೆ.

ಇದು ನನಗೆ ಸ್ಪಷ್ಟವಾದದ್ದು ತೀರಿಹೋದ ಒಬ್ಬ ತಾಯಿಯ ಫೋಟೋದಿಂದ. ಉಳಿದದ್ದು ಗುರುತಿನ ಚೀಟಿಯ ಪುಟ್ಟ ಚಿತ್ರ ಒಂದೇ; ವಿಧವೆ, ಬರಿಯ ಹಣೆ. ಅದನ್ನು ದೊಡ್ಡದು ಮಾಡಿಸಲು ಇಬ್ಬರು ಹೆಣ್ಣುಮಕ್ಕಳು ಬಂದಿದ್ದರು. ಹಿರಿಯವಳು ಹಣೆಗೆ ಕುಂಕುಮ ಇಡಿಸಬೇಕೆಂದಳು. ಕಿರಿಯವಳು, ‘ಅವ್ವ ಇದ್ದಾಗ ಯಾರರೆ ಹಚ್ಚಿದ್ರೇನಕ್ಕಾ? ಈಗ ಫೋಟೋಕ್ಕ ಹಚ್ಚಿದ್ರ ಏನು ಬಂತು?’ ಎಂದು ಅತ್ತಳು. ಇಬ್ಬರ ಮಾತಲ್ಲೂ ತಾಯಿಯ ಮೇಲಿನ ಪ್ರೀತಿಯೇ ಇತ್ತು. ಸೊಸೆ ಎರಡೂ ಮಾಡಿಕೊಟ್ಟಳು. ಒಂದು, ತಾಯಿ ಬಾಳಿದ ಹಾಗೆ. ಇನ್ನೊಂದು, ಮಗಳು ಬಯಸಿದ ಹಾಗೆ. ಯಾವುದು ಯಾವುದೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಕುಂಕುಮವಿಟ್ಟದ್ದೊಂದೇ ಉಳಿದಿದ್ದರೆ, ಮೊಮ್ಮಕ್ಕಳ ಕಾಲಕ್ಕೆ ಆ ಬರಿಯ ಹಣೆಯ ಮೂವತ್ತು ವರ್ಷ ಅಳಿಸಿಹೋಗುತ್ತಿತ್ತು.

ಮೂಲವನ್ನು ಉಳಿಸಿಕೊಳ್ಳುವುದು ಏಕೆ ದೊಡ್ಡದೆಂದು ನನಗೆ ಅಂದು ತಿಳಿಯಿತು. ಡಾರ್ಕ್‌ಟೇಬಲಿನಲ್ಲಿ ತಿದ್ದುವಾಗ ಕ್ಯಾಮೆರಾ ಕೊಟ್ಟ ಚಿತ್ರವನ್ನು ಅದು ಮುಟ್ಟುವುದೇ ಇಲ್ಲ. ಮಾಡಿದ ಬದಲಾವಣೆಗಳನ್ನೆಲ್ಲ ಪಕ್ಕದಲ್ಲಿ ಬೇರೊಂದು ಸಣ್ಣ ಕಡತದಲ್ಲಿ ಬರೆದಿಡುತ್ತದೆ. ಒಂದೊಂದೇ ಹೆಜ್ಜೆ ಹಿಂದೆ ನಡೆದು ಮೊದಲಿಗೆ ಹೋಗಬಹುದು. ಅಂಗಡಿಯ ಖಾತೆ ವಹಿಯಂತೆ, ಬರೆದದ್ದು ಕಣ್ಣೆದುರಿಗೇ ಇರುತ್ತದೆ. ಈಗಿನ ಎಷ್ಟೋ ಫೋನುಗಳು ಹೀಗಲ್ಲ. ಕೇಳದೆಯೇ ಚರ್ಮ ನುಣುಪು ಮಾಡಿ, ಬಣ್ಣ ತಿಳಿ ಮಾಡಿ ಕೊಡುತ್ತವೆ. ಏನೇನು ಮಾಡಿತೆಂದು ಹೇಳುವುದಿಲ್ಲ. ಚಂದ ಯಾವುದೆಂದು ಎಲ್ಲೋ ಕೂತವರು ಮೊದಲೇ ತೀರ್ಮಾನಿಸಿರುತ್ತಾರೆ.

ಹಾಗೆಂದು ಮುಕ್ತ ತಂತ್ರಾಂಶ ಬಳಸಿದವರೆಲ್ಲ ಸತ್ಯವಂತರಾಗುವುದಿಲ್ಲ. ಆ ವಹಿ ಇರುವುದು ತಿದ್ದಿದವಳ ಕಂಪ್ಯೂಟರಿನಲ್ಲಿ. ಬೀಗರಾಗುವವರ ಕೈಗೆ ಹೋಗುವುದು ಬರಿಯ ಫೋಟೋ. ಉಪಕರಣ ಲೆಕ್ಕ ಬರೆದಿಡಬಹುದು, ಲೆಕ್ಕ ಒಪ್ಪಿಸಬೇಕಾದವರು ನಾವು.

ಆ ಹುಡುಗಿಯ ಕಲೆಯನ್ನು ಸೊಸೆ ತೆಗೆಯಲಿಲ್ಲ. ಅವಳನ್ನೇ ಕೇಳಿ, ಕಲೆಯ ಮೇಲಿನ ಮಿಂಚನ್ನು ಮಾತ್ರ ತುಸು ತಗ್ಗಿಸಿದಳು. ತಿದ್ದಿದ್ದನ್ನು ಬೇರೆ ಪದರದಲ್ಲಿಟ್ಟು ಆ ಪದರವನ್ನು ಅರ್ಧಕ್ಕೆ ತೆಳುವಾಗಿಸಿದರೆ ಕಲೆ ಮೆತ್ತಗಾಗುತ್ತದೆ, ಮಾಯವಾಗುವುದಿಲ್ಲ. ತಾಯಿ ಅರೆಮನಸ್ಸಿನಿಂದ ಒಪ್ಪಿದರು.

ಮಗಳ ಫೋಟೋ ಕಳಿಸುವ ಮುಂಚೆ ನೀವೂ ಅದನ್ನು ಮೊದಲು ಮಗಳಿಗೇ ತೋರಿಸಿ, ‘ಇದು ನೀನೇ ಹೌದೇನವ್ವಾ?’ ಎಂದು ಕೇಳಿ. ಅವಳು ಹೂಂ ಎನ್ನಲು ತಡಮಾಡಿದರೆ ಮೂಲ ಚಿತ್ರವನ್ನೇ ಹುಡುಕಿ ತೆಗೆಯಿರಿ.